ಮೆತ್ತಗಾದ ಮಾಡು



ನಮ್ಮ ನಾಲ್ಕು ಕುಟುಂಬಗಳು ಸೇರಿ ಕೊಂಡುಕೊಂಡ ಹಳೆಯ ಕ್ಯಾರವಾನಿನ ಪರಿಚಯ ನಿಮ್ಮಲ್ಲಿ ಹಲವರಿಗೆ ಇದೆ. ಅಲ್ ಕುದ್ರಾದ ಮರಳಿನಲ್ಲಿಯೋ ಹತ್ತಾದ ಬೆಟ್ಟಗಳ ಬುಡದಲ್ಲಿಯೋ ಅದರ ನೆರಳಿನಲ್ಲಿ ಚಾಪೆ ಹಾಸಿ ಕುಳಿತು ಚಿತ್ರಾನ್ನ ಉಂಡವರೂ ಇದ್ದೀರಿ. 2024ರ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ "ಈ ವರ್ಷ ನಿಮ್ಮ ಗಾಡಿ ಯಾವಾಗ ಹೊರಡುತ್ತದೆ?" ಎಂದು ಕೇಳಿದವರಿಗೆಲ್ಲ "ಸಣ್ಣದೊಂದು ರಿಪೇರಿ ಇದೆ" ಎಂದು ಹೇಳಿ ನಾನು ಜಾರಿಕೊಂಡಿದ್ದೆ. ಅದು ಸಣ್ಣ ರಿಪೇರಿಯಾಗಿರಲಿಲ್ಲ. ಆ ಸಂಗತಿಯನ್ನು ಈಗ ಬರೆಯುತ್ತಿದ್ದೇನೆ. ಇಂಥ ವಾಹನವನ್ನು ಇಟ್ಟುಕೊಂಡವರಿಗೆ ಇದರಿಂದ ಉಪಯೋಗವಾದೀತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಬರಹದ ಕೊನೆಗೆ ನಿಮಗೇ ತಿಳಿಯುತ್ತದೆ.

ಬೇಸಿಗೆಯಲ್ಲಿ ನಮ್ಮ ಕ್ಯಾರವಾನ್ ನಿಲ್ಲುವುದು ಜೆಬೆಲ್ ಅಲಿಯ ಕೈಗಾರಿಕಾ ಪ್ರದೇಶದಲ್ಲಿ, ಸ್ನೇಹಿತರೊಬ್ಬರ ಗೋದಾಮಿನ ಹಿಂದಿನ ಅಂಗಳದಲ್ಲಿ. 1979ರಲ್ಲಿ ಜೆಬೆಲ್ ಅಲಿ ಬಂದರು ಉದ್ಘಾಟನೆಯಾದಾಗ ಸುತ್ತಲೂ ಮರಳುಗಾಡು ಮಾತ್ರ ಇತ್ತೆಂದು ಇಲ್ಲಿಯ ಹಿರಿಯರು ಹೇಳುತ್ತಾರೆ. 1985ರಲ್ಲಿ ಮುಕ್ತ ವಲಯ ಸ್ಥಾಪನೆಯಾದ ಮೇಲೆ ಲೋಕದ ಸಾಮಾನೆಲ್ಲ ಇಲ್ಲಿ ಇಳಿಯತೊಡಗಿತು. ಅಮೆರಿಕದಲ್ಲಿ ತಯಾರಾದ ನಮ್ಮ ಕ್ಯಾರವಾನೂ ಇದೇ ಬಂದರಿನಲ್ಲಿ ಇಳಿದು, ಇಬ್ಬರು ಯಜಮಾನರ ಕೈ ದಾಟಿ ನಮ್ಮ ಪಾಲಿಗೆ ಬಂದದ್ದು. ಕೊಳ್ಳೋಣವೆಂದು ಹಟ ಹಿಡಿದವನು ನಾನು. ಉಳಿದ ಮೂವರು ಹಿಂದೆಮುಂದೆ ನೋಡಿದಾಗ "ಗಟ್ಟಿಯಾಗಿದೆ, ನಾನು ನೋಡಿದ್ದೇನೆ" ಎಂದು ಭರವಸೆ ಕೊಟ್ಟವನೂ ನಾನೇ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅಕ್ಟೋಬರ್ ಕೊನೆಯ ಒಂದು ಶನಿವಾರ, ಚಳಿಗಾಲದ ತಿರುಗಾಟಕ್ಕೆ ಮೊದಲು ಛಾವಣಿಯ ಧೂಳು ತೊಳೆಯಲು ಏಣಿ ಹತ್ತಿದೆ. ನಮ್ಮ ಕರಾವಳಿಯಲ್ಲಿ ಛಾವಣಿಗೆ ಮಾಡು ಎನ್ನುತ್ತೇವೆ. ಆ ಮಾಡಿನ ಮೇಲೆ ಮಂಡಿಯೂರಿ ಎಸಿಯ ಹಿಂಬದಿಗೆ ಸರಿದೆನಷ್ಟೆ. ಮಂಡಿಯ ಅಡಿಯಲ್ಲಿ ನೆಲ ತಗ್ಗಿತು. ಅಂಗೈಯಿಂದ ಒತ್ತಿ ನೋಡಿದೆ. ಮಾಗಿದ ಹಲಸಿನ ಹಣ್ಣನ್ನು ಒತ್ತಿದಂತೆ ಒಳಗೆ ಹೋಗಿ, ನಿಧಾನವಾಗಿ ಮೇಲೆ ಬಂತು. ಮೇಲಿನ ಬಿಳಿಯ ರಬ್ಬರಿನಲ್ಲಿ ಒಂದು ಬಿರುಕೂ ಇರಲಿಲ್ಲ. ಏಣಿಯ ಬುಡದಲ್ಲಿ ನಿಂತಿದ್ದ ಹನ್ನೊಂದು ವರ್ಷದ ಮಗ "ನಾನೂ ಬರಲಾ ಅಪ್ಪಾ?" ಎಂದು ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದ. "ಬೇಡ, ಇಳಿ" ಎಂದು ನಾನು ಗದರಿದ ಸ್ವರ ಅವನಿಗೆ ಹೊಸದಾಗಿದ್ದಿರಬೇಕು. ಮರುಮಾತಿಲ್ಲದೆ ಇಳಿದ.

ಇಂಥ ಮಾಡಿನ ರಚನೆಯನ್ನು ಸ್ವಲ್ಪ ವಿವರಿಸಬೇಕು. ಕೆಳಗೆ ಅಡ್ಡಕ್ಕೆ ಮರದ ತೊಲೆಗಳು. ತೊಲೆಗಳ ನಡುವೆ ಶಾಖ ತಡೆಯುವ ಬಿಳಿಯ ಥರ್ಮೊಕೋಲಿನ ಹಲಗೆಗಳು. ಅದರ ಮೇಲೆ ತೆಳುವಾದ ಪ್ಲೈವುಡ್. ಪ್ಲೈವುಡ್‌ಗೆ ಅಂಟಿಸಿದ, ಒಂದು ಮಿಲಿಮೀಟರಿಗಿಂತ ತುಸು ದಪ್ಪನೆಯ ರಬ್ಬರಿನ ಹಾಳೆ. ಇಪಿಡಿಎಂ ಎಂಬ ಈ ರಬ್ಬರು ಬಿಸಿಲನ್ನೂ ಮಳೆಯನ್ನೂ ಬಹುಕಾಲ ತಾಳಬಲ್ಲದು. ವರ್ಷಗಳು ಕಳೆದಂತೆ ಮೇಲ್ಮೈ ಸವೆದು ಸುಣ್ಣದಂಥ ಪುಡಿ ಕೈಗೆ ಹತ್ತುತ್ತದೆಯೇ ಹೊರತು, ಹಾಳೆ ತಾನಾಗಿ ತೂತು ಬೀಳುವುದು ಕಡಿಮೆ. ಆದ್ದರಿಂದ ಮಾಡು ಮೆತ್ತಗಾಯಿತೆಂದರೆ ರಬ್ಬರು ಕೆಟ್ಟಿತೆಂದು ಅರ್ಥವಲ್ಲ, ಅದರ ಅಡಿಯ ಮರ ಕೊಳೆತಿದೆ ಎಂದು ಅರ್ಥ. ನೀರು ಬರುವುದು ಸಾಮಾನ್ಯವಾಗಿ ಹಾಳೆಯನ್ನು ಕತ್ತರಿಸಿ ಏನನ್ನಾದರೂ ಕೂರಿಸಿದ ಕಡೆಗಳಿಂದ: ಗಾಳಿಕಿಂಡಿ, ಎಸಿ, ಅಂಚಿನ ಪಟ್ಟಿ, ತಿರುಪುಮೊಳೆಯ ತಲೆ. ಒಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿಲ್ಲ. ನೀರನ್ನು ಹೊರಗಿಡಬೇಕಾದ ರಬ್ಬರೇ ಆಗ ಅದನ್ನು ಒಳಗೆ ಕೂಡಿಹಾಕುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. 2024ರ ಏಪ್ರಿಲ್ 16ರ ಮಳೆ ನಮಗೆಲ್ಲ ನೆನಪಿದೆ. ದಾಖಲೆ ಇಡತೊಡಗಿದ 1949ರಿಂದೀಚೆಗೆ ಈ ದೇಶ ಕಂಡ ಅತಿ ದೊಡ್ಡ ಮಳೆ ಅದು. ಅಲ್ ಐನ್‌ನ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಸುರಿಯಿತು. ನೀರು ಇಳಿದ ಮೇಲೆ ಕ್ಯಾರವಾನಿನೊಳಗೆ ಹೋಗಿ ನೋಡಿದಾಗ, ಬಟ್ಟೆಯ ಕಪಾಟಿನ ಮೇಲ್ಗಡೆ, ಒಳಛಾವಣಿಯಲ್ಲಿ ಚಹದ ಬಣ್ಣದ ಕಲೆಯೊಂದು ಕಂಡಿತು. ನೇರ ಅದರ ಮೇಲಕ್ಕೆ ಗಾಳಿಕಿಂಡಿಯಿತ್ತು. ಅಂಗಡಿಯಿಂದ ಎರಡು ಕೊಳವೆ ಸಿಲಿಕೋನ್ ತಂದು ಕಿಂಡಿಯ ಸುತ್ತ ಧಾರಾಳವಾಗಿ ಮೆತ್ತಿದೆ. ಕಲೆಯ ಮೇಲೆ ಬಿಳಿಯ ಬಣ್ಣ ಬಳಿದೆ. ಉಳಿದ ಮೂರು ಕುಟುಂಬಗಳಿಗೆ ಕಲೆಯ ಸುದ್ದಿ ಹೇಳಲಿಲ್ಲ. ಅಂಥ ಮಳೆಯಲ್ಲೂ ಏನಾಗಿಲ್ಲವಲ್ಲ ಎಂದು ಅವರು ಸಂತೋಷಪಟ್ಟಾಗ ಸುಮ್ಮನೆ ತಲೆಯಾಡಿಸಿದೆ. ಗಟ್ಟಿಯಾಗಿದೆ ಎಂದು ಹೇಳಿ ಕೊಡಿಸಿದವನು ನಾನಲ್ಲವೇ?

ಮಂಡಿ ತಗ್ಗಿದ ದಿನ ಸಂಜೆ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಅಮ್ಮ ಹೋದ ಮೇಲೆ ಕಾರ್ಕಳ ತಾಲೂಕಿನ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಕ್ಯಾರವಾನನ್ನು ಅವರು ಕಂಡಿಲ್ಲ, ಆದರೆ ಮಾಡಿನ ವಿಷಯದಲ್ಲಿ ಅವರಿಗೆ ತಿಳಿಯದ್ದು ಕಡಿಮೆ. ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಪ್ರತಿ ಬೇಸಿಗೆಯಲ್ಲೂ ಹಂಚು ಕೈಯಾಡಿಸಿದವರು. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಂಡೆಯ ಬಳಿ ಕಾರ್ಖಾನೆ ತೆರೆದು ಮಂಗಳೂರು ಹಂಚನ್ನು ಊರೂರಿಗೆ ತಲುಪಿಸಿದರಷ್ಟೆ. ಮುಳಿಹುಲ್ಲು ಹೊದಿಸುತ್ತಿದ್ದ ನಮ್ಮ ಮನೆಗೆ ಅಜ್ಜನ ಕಾಲದಲ್ಲಿ ಆ ಬಗೆಯ ಹಂಚು ಬಂತು. ಅದರ ಆರೈಕೆ ಅಪ್ಪನ ಪಾಲಿಗೆ ಬಂತು.

ನಾನು ಹೇಳಿದ್ದನ್ನೆಲ್ಲ ಕೇಳಿ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ನೀರು ಎಲ್ಲಿಂದ ಬಂತು ಅಂತ ನೋಡಿದ್ದೀಯಾ, ಎಲ್ಲಿ ಕಂಡಿತು ಅಂತ ನೋಡಿದ್ದೀಯಾ?"

ನಾನು ಉತ್ತರಿಸಲಿಲ್ಲ.

"ಹಂಚು ಒಡೆದದ್ದು ಒಂದು ಕಡೆ ಮಾರಾಯ, ನೀರು ಪಕ್ಕಾಸು ಹಿಡಿದು ಇಳಿದು ಬೀಳುವುದು ಇನ್ನೊಂದು ಕಡೆ. ಬಿದ್ದ ಕಡೆ ನೋಡಿ ಹಂಚು ಬದಲಿಸಿದರೆ ಒಳ್ಳೆಯ ಹಂಚು ತೆಗೆದು ಒಳ್ಳೆಯ ಹಂಚು ಇಟ್ಟ ಹಾಗೆ. ಮೊದಲು ಬಿಡಿಸಿ ನೋಡು. ಮೇಲಿಂದ ಏನೂ ಬಳಿಯಬೇಡ. ಬಳಿದರೆ ಒಳಗೆ ಕುಂಬಾಗ್ತದೆ."

ಮರ ಕೊಳೆತು ಪುಡಿಯಾಗುವುದಕ್ಕೆ ಅವರು ಕುಂಬು ಎನ್ನುತ್ತಾರೆ. ಆ ಮಾತುಕತೆಯ ನಡುವೆ ಫೋನಿನಲ್ಲಿ ಬೇರೊಂದು ಸದ್ದು ಕೇಳಿಸುತ್ತಿತ್ತು, ಪಾತ್ರೆಯೊಳಕ್ಕೆ ಹನಿ ಬೀಳುವಂಥದ್ದು. "ಏನಪ್ಪಾ ಅದು?" ಎಂದೆ. "ಸಂಜೆ ಗುಡುಗು ಮಳೆ ಬಂತು, ಅಂಗಳದ ಬಾಲ್ದಿಗೆ ಬೀಳುವುದು. ಇಲ್ಲಿ ಎಲ್ಲ ಸರಿ ಉಂಟು" ಎಂದರು. ನಾನು ನನ್ನ ಮಾಡಿನ ಚಿಂತೆಯಲ್ಲಿದ್ದೆ. ನಂಬಿದೆ.

ಮರುದಿನ ಮೂವರು ಸ್ನೇಹಿತರಿಗೂ ಕರೆ ಮಾಡಿ ಅಂಗಳಕ್ಕೆ ಬರಹೇಳಿದೆ. ಸಿಲಿಕೋನಿನ ಕಥೆ, ಕಲೆಗೆ ಬಣ್ಣ ಬಳಿದ ಕಥೆ, ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅವರಲ್ಲೊಬ್ಬರ ಪತ್ನಿ, ನಾವೆಲ್ಲ ಅಕ್ಕ ಎಂದು ಕರೆಯುವವರು, "ಏಪ್ರಿಲ್‌ನಲ್ಲೇ ಹೇಳಿದ್ದರೆ ಆವತ್ತೇ ಬಂದು ಏಣಿ ಹಿಡಿಯುತ್ತಿದ್ದೆವಲ್ಲ" ಎಂದರು. ಬೈಗುಳಕ್ಕೆ ನಾನು ಸಿದ್ಧನಾಗಿ ಬಂದಿದ್ದೆ, ಆ ಮಾತಿಗೆ ಸಿದ್ಧನಾಗಿರಲಿಲ್ಲ.

ಕೆಲಸಕ್ಕೆ ಸಿಕ್ಕವರು ಪಕ್ಕದ ವರ್ಕ್‌ಶಾಪಿನಲ್ಲಿ ಲಾರಿಗಳ ಬಾಡಿ ಕಟ್ಟುವ ಒಬ್ಬ ಹಿರಿಯ ಪಠಾಣರು. ಇಲ್ಲಿಯ ರೂಢಿಯಂತೆ ನಾವು ಅವರನ್ನು ಉಸ್ತಾದ್ ಎಂದೇ ಕರೆದೆವು. ಶುಕ್ರವಾರ ಸಂಜೆ ಮೊದಲು ಎಸಿಯನ್ನು ಇಳಿಸಿದೆವು. ಒಳಗಿನಿಂದ ನಾಲ್ಕು ಬೋಲ್ಟ್ ಬಿಚ್ಚಿದರೆ ಅದು ಬಿಡಿಯಾಗುತ್ತದೆ. ಭಾರ ಮಾತ್ರ ಇಬ್ಬರು ಎತ್ತುವಷ್ಟಿದೆ. ಅದರ ಅಡಿಯಲ್ಲಿ, ಹದಿನಾಲ್ಕು ಅಂಗುಲ ಚೌಕದ ಕಂಡಿಯ ಸುತ್ತ, ನೀರು ಒಳಬಾರದಂತೆ ತಡೆಯುವ ಸ್ಪಂಜಿನ ಪಟ್ಟಿಯೊಂದಿರುತ್ತದೆ. ನಮ್ಮದು ನೀರುದೋಸೆಯಷ್ಟು ತೆಳ್ಳಗಾಗಿ ಒಂದು ಮೂಲೆಯಲ್ಲಿ ಹರಿದಿತ್ತು. ಎಸಿಯ ತಟ್ಟೆಯಿಂದ ನೀರು ಹೊರಹೋಗುವ ಸಣ್ಣ ರಂಧ್ರಗಳಲ್ಲಿ ಮರಳುಧೂಳು ಕೂತು ಸಿಮೆಂಟಿನಂತೆ ಗಟ್ಟಿಯಾಗಿತ್ತು.

ಆಗ ಕಾರಣ ತಿಳಿಯಿತು. ಏಪ್ರಿಲಿನ ಒಂದು ದಿನದ ಮಳೆ ನಮ್ಮ ಮಾಡನ್ನು ಕೊಳೆಯಿಸಿರಲಿಲ್ಲ. ಬೇಸಿಗೆಯ ಧಗೆಗೆ ಒಳಗಿನ ಮರ, ಅಂಟು ಬಿರಿಯಬಾರದೆಂದು ವರ್ಷವರ್ಷವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಎಸಿಯನ್ನು ಬಿಡದೆ ಓಡಿಸುತ್ತಿದ್ದೆವು. ಜೆಬೆಲ್ ಅಲಿ ಮರಳುಗಾಡಾದರೂ ಕಡಲಿನ ಪಕ್ಕದ ಮರಳುಗಾಡು. ಆಗಸ್ಟ್ ತಿಂಗಳ ರಾತ್ರಿ ಹೊರಗೆ ನಿಂತರೆ ಕನ್ನಡಕ ಮಬ್ಬಾಗುವಷ್ಟು ತೇವ ಗಾಳಿಯಲ್ಲಿರುತ್ತದೆ. ಆ ತೇವವೆಲ್ಲ ಎಸಿಯ ತಣ್ಣನೆಯ ಕೊಳವೆಗಳ ಮೇಲೆ ನೀರಾಗಿ, ಹೊರಹೋಗಲು ದಾರಿಯಿಲ್ಲದೆ, ಹರಿದ ಪಟ್ಟಿಯ ಮೂಲೆಯಿಂದ ಮರಕ್ಕೆ ಇಳಿದಿತ್ತು. ವರ್ಷಕ್ಕೆ ನೂರು ಮಿಲಿಮೀಟರ್ ಮಳೆಯೂ ಬಹುಮಟ್ಟಿಗೆ ಬೀಳದ ನಾಡಿನಲ್ಲಿ, ಕಾಪಾಡಲೆಂದು ನಾವು ಮಾಡಿದ ಏರ್ಪಾಡೇ ನಾಲ್ಕು ತಿಂಗಳ ಮಳೆಗಾಲವನ್ನು ಸೃಷ್ಟಿಸಿತ್ತು. ಕಪಾಟಿನ ಮೇಲಿನ ಕಲೆ ಆ ನೀರು ತಗ್ಗಿನ ಕಡೆಗೆ ಹರಿದು ಕಾಣಿಸಿಕೊಂಡ ಜಾಗ. ನಾನು ಸಿಲಿಕೋನ್ ಮೆತ್ತಿದ ಗಾಳಿಕಿಂಡಿ ಯಾವ ತಪ್ಪನ್ನೂ ಮಾಡಿರಲಿಲ್ಲ.

ಶನಿವಾರ ಬೆಳಿಗ್ಗೆ ಉಸ್ತಾದರು ರಬ್ಬರಿನ ಹಾಳೆಯನ್ನು ಮೂರು ಕಡೆ ಕೊಯ್ದು, ಹಾಸಿಗೆಯಂತೆ ಹಿಂದಕ್ಕೆ ಸುತ್ತಿದರು. ಅಡಿಯಲ್ಲಿ ಕಂಡದ್ದು ಕಪ್ಪು. ಪ್ಲೈವುಡ್ ಪದರ ಪದರವಾಗಿ, ನೆನೆದ ಹಪ್ಪಳದಂತೆ, ಬೆರಳಿಗೆ ಬಂತು. ಊಟದ ತಟ್ಟೆಯಷ್ಟು ಕೆಟ್ಟಿರಬಹುದೆಂದು ನಾವು ಲೆಕ್ಕ ಹಾಕಿದ್ದೆವು. ಉಸ್ತಾದರು ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚುತ್ತಾ ಹೋದರು. ಮೊನೆ ಸಲೀಸಾಗಿ ಇಳಿದರೆ ಅಲ್ಲಿ ಮರ ಸತ್ತಿದೆ ಎಂದರ್ಥ. ಒಣಗಿದ, ಗಟ್ಟಿಯಾದ, ತಿಳಿಬಣ್ಣದ ಮರ ಸಿಗುವವರೆಗೆ ನಿಲ್ಲಬಾರದು ಎಂಬುದು ಅವರ ನಿಯಮ. "ಇಷ್ಟು ಸಾಕಲ್ಲವೇ ಉಸ್ತಾದ್" ಎಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅವರು ಉತ್ತರಿಸದೆ ಇನ್ನೊಂದು ಅಂಗುಲ ಮುಂದಕ್ಕೆ ಚುಚ್ಚಿದರು. ಕೊನೆಗೆ ತೆರೆದದ್ದು ಮೂರು ಅಡಿ ಉದ್ದ, ಎರಡು ಅಡಿ ಅಗಲ. ಹೊಸ ಹಲಗೆಯ ಅಂಚಿಗೂ ಹಳೆಯದರ ಅಂಚಿಗೂ ಆಧಾರ ಸಿಗುವಂತೆ ತೊಲೆಯ ಅರ್ಧ ಅಗಲಕ್ಕೆ ಸರಿಯಾಗಿ ಕತ್ತರಿಸಿದರು. ಒಂದು ತೊಲೆಗೆ ಕಲೆ ಹತ್ತಿತ್ತಾದರೂ ತಿರುಳು ಗಟ್ಟಿಯಿತ್ತು; ಅದರ ಮಗ್ಗುಲಿಗೆ ಹೊಸ ರೀಪೊಂದನ್ನು ಜೋಡಿಸಿ ಬಲ ಕೊಟ್ಟರು.

ಅನಂತರ ಕಾಯುವ ಕೆಲಸ. ತೇವವಿರುವ ಮರವನ್ನು ಮುಚ್ಚಿದರೆ ಹಳೆಯ ಕಥೆಯೇ ಮರುಕಳಿಸುತ್ತದೆ. ಹಗಲು ಟೇಬಲ್ ಫ್ಯಾನ್ ಇಟ್ಟು, ರಾತ್ರಿ ಇಬ್ಬನಿ ಬೀಳದಂತೆ ಟಾರ್ಪಾಲಿನ್ ಹೊದಿಸಿ, ಮುಂದಿನ ವಾರಾಂತ್ಯದವರೆಗೆ ಒಣಗಿಸಿದೆವು. ಮಂಜು ಕವಿದ ಬೆಳಗುಗಳಲ್ಲಿ ಟಾರ್ಪಾಲಿನ್ನಿನ ಮೇಲೆ ನಿಂತ ನೀರನ್ನು ಕಂಡಾಗ, ಇಲ್ಲಿ ನೀರಿಲ್ಲವೆಂದು ನಂಬಿದ್ದ ನನ್ನ ದಡ್ಡತನಕ್ಕೆ ನಗು ಬಂತು.

ಹೊಸ ಥರ್ಮೊಕೋಲ್ ಕೂರಿಸಿ, ಹಳೆಯದರಷ್ಟೇ ದಪ್ಪದ ಮರೈನ್ ಪ್ಲೈವುಡ್ ಹೊಂದಿಸಿ, ತಿರುಪುಮೊಳೆಗಳ ತಲೆಯನ್ನು ಮರದೊಳಕ್ಕೆ ತುಸು ಇಳಿಸಿದೆವು. ತಲೆ ಮೇಲೆದ್ದಿದ್ದರೆ ಮುಂದೊಂದು ದಿನ ರಬ್ಬರನ್ನು ಅದೇ ತೂತು ಮಾಡುತ್ತದೆ. ಹಾಳೆಯ ಅಡಿಗೆ ಅಂಟಿದ್ದ ಮರದ ನಾರನ್ನು ಒರೆಸುವಾಗ ಉಸ್ತಾದರು ಅಭ್ಯಾಸಬಲದಿಂದ ಥಿನ್ನರಿನ ಡಬ್ಬಿಗೆ ಕೈ ಹಾಕಿದರು. ಇಲ್ಲಿ ಮಾತ್ರ ನಾನು ಅವರನ್ನು ತಡೆದೆ. ಪೆಟ್ರೋಲಿಯಂ ಮೂಲದ ಯಾವ ದ್ರಾವಣವೂ ಈ ರಬ್ಬರಿಗೆ ಆಗದು, ಹಾಳೆ ಉಬ್ಬಿ ಸುಕ್ಕುಗಟ್ಟುತ್ತದೆ. ಸೋಪಿನ ನೀರಿನಿಂದ ತೊಳೆದು ಒಣಗಿಸಿ, ನೀರಿನಲ್ಲಿ ಕಲಸಿದ ಬಗೆಯ ಅಂಟನ್ನು ರೋಲರಿನಿಂದ ಹಚ್ಚಿ, ಹಾಳೆಯನ್ನು ನಡುವಿನಿಂದ ಅಂಚಿಗೆ ಒತ್ತುತ್ತಾ ಗಾಳಿಗುಳ್ಳೆಗಳನ್ನು ಹೊರದೂಡಿದೆವು. ಕೊಯ್ದ ಗೆರೆಗಳ ಮೇಲೆ ಎಲ್ಲ ಕಡೆಗೂ ನಾಲ್ಕಂಗುಲ ಹೆಚ್ಚು ಬರುವಂತೆ ಅದೇ ಜಾತಿಯ ರಬ್ಬರಿನ ಹೊಸ ತೇಪೆಯನ್ನು ಹಾಕಿದೆವು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪಾದ ಮೂಲೆಯೇ ಮೊದಲು ಏಳುವುದು.

ಅತ್ಯಂತ ಬೇಸರದ ಕೆಲಸ ನನ್ನ ಪಾಲಿಗೆ ಉಳಿದಿತ್ತು: ಗಾಳಿಕಿಂಡಿಯ ಸುತ್ತಲಿನ ಸಿಲಿಕೋನನ್ನು ಕೀಳುವುದು. ಅದು ಇಪಿಡಿಎಂ ರಬ್ಬರಿಗೆ ಸರಿಯಾಗಿ ಅಂಟುವುದೂ ಇಲ್ಲ, ಅದರ ಮೇಲೆ ಬೇರೆ ಯಾವ ಅಂಟೂ ನಿಲ್ಲುವುದೂ ಇಲ್ಲ. ಹತ್ತು ನಿಮಿಷದಲ್ಲಿ ಮೆತ್ತಿದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕೆರೆದು ತೆಗೆಯಲು ನನಗೆ ಒಂದು ಇಡೀ ದಿನ ಹಿಡಿಯಿತು. ಮಗ ಕೆಳಗೆ ನಿಂತು ಬಕೆಟ್ಟಿನಲ್ಲಿ ಚೂರುಗಳನ್ನು ಹಿಡಿದ. ಬಳಿಕ ಇಂಥ ಮಾಡಿಗೆಂದೇ ಸಿಗುವ, ತಾನಾಗಿ ಹರಡಿಕೊಳ್ಳುವ ಸೀಲಂಟನ್ನು ಹಾಕಿ, ಹೊಸ ಸ್ಪಂಜಿನ ಪಟ್ಟಿಯ ಮೇಲೆ ಎಸಿಯನ್ನು ಕೂರಿಸಿ, ನಾಲ್ಕೂ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆವು. ಅರ್ಧ ಗಂಟೆ ಪೈಪಿನಿಂದ ನೀರು ಹಾಯಿಸಿದೆವು. ಎರಡು ದಿನ ಎಸಿ ಓಡಿಸಿದೆವು. ನೀರು ಮಾಡಿನ ಅಂಚಿನಿಂದ ಬಕೆಟ್ಟಿಗೆ ಬಿತ್ತು, ಒಳಗೆ ಒಂದು ಹನಿಯೂ ಇರಲಿಲ್ಲ.

ಆ ಸಂತೋಷದಲ್ಲಿ ಅಪ್ಪನಿಗೆ ವಿಡಿಯೊ ಕರೆ ಮಾಡಿ ಎಲ್ಲವನ್ನೂ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ತೇಪೆಯನ್ನೂ ದುಂಡಗಿನ ಮೂಲೆಗಳನ್ನೂ ನೋಡಿ "ಚಂದ ಆಯ್ತು" ಎಂದರು. ನನ್ನ ಕಣ್ಣು ಮಾತ್ರ ಅವರ ಹಿಂದಿನ ಗೋಡೆಗೆ ಹೋಗಿತ್ತು. ಅಮ್ಮನ ಫೋಟೊ ಅದರ ಜಾಗದಲ್ಲಿರಲಿಲ್ಲ. ಅಲ್ಲಿ ಚಹದ ಬಣ್ಣದ ಕಲೆಯೊಂದು ಮೇಲಿನಿಂದ ಕೆಳಗೆ ಇಳಿದಿತ್ತು. ಆ ಬಣ್ಣ ನನಗೆ ಚೆನ್ನಾಗಿ ಪರಿಚಿತವಾಗಿತ್ತು.

"ಅಪ್ಪಾ, ಆವತ್ತು ಹನಿ ಬೀಳುತ್ತಿದ್ದದ್ದು ಅಂಗಳದಲ್ಲಿ ಅಲ್ಲ, ಅಲ್ವಾ?"

ಅವರು ಫೋನನ್ನು ಬೇರೆ ಕಡೆಗೆ ತಿರುಗಿಸಿದರು. ಅನಂತರ ಒಂದೊಂದಾಗಿ ಹೇಳಿದರು. ಹಂಚು ಕೈಯಾಡಿಸುತ್ತಿದ್ದವರ ಮಕ್ಕಳು ಬೆಂಗಳೂರು, ಮುಂಬಯಿ ಸೇರಿದ್ದಾರೆ. ಎರಡು ವರ್ಷಗಳಿಂದ ಮಾಡಿಗೆ ಯಾರೂ ಹತ್ತಿಲ್ಲ. ಹಿಂದಿನ ಬೇಸಿಗೆಯಲ್ಲಿ ತಾವೇ ಏಣಿ ಇಟ್ಟು ನಾಲ್ಕು ಮೆಟ್ಟಿಲು ಹತ್ತಿ, ತಲೆ ತಿರುಗಿ ಇಳಿದಿದ್ದಾರೆ. "ಹೇಳಿದರೆ ನೀನು ಅಲ್ಲಿ ಕೂತು ಚಿಂತೆ ಮಾಡ್ತಿ. ಕೆಲಸ ಬಿಟ್ಟು ಬರ್ಲಿಕ್ಕೆ ಆಗ್ತದಾ ನಿಂಗೆ?" ಎಂದರು. ಅದೇ ಲೆಕ್ಕಾಚಾರದಿಂದ ನಾನೂ ಆರು ತಿಂಗಳು ಸ್ನೇಹಿತರಿಂದ ಕಲೆಯನ್ನು ಮುಚ್ಚಿಟ್ಟಿದ್ದೆ. ಆದ್ದರಿಂದ ಅವರ ಮೇಲೆ ಸಿಟ್ಟಾಗುವ ಅಧಿಕಾರ ನನಗಿರಲಿಲ್ಲ. "ಏಪ್ರಿಲ್‌ನಲ್ಲಿ ಬರುತ್ತೇನೆ" ಎಂದೆ.

2025ರ ಬಿಸುವಿಗೆ ಊರು ಸೇರಿದೆ. ಹಬ್ಬ ಮುಗಿದ ಮರುದಿನವೇ ಇಬ್ಬರು ಕೆಲಸದವರನ್ನು ಕರೆದುಕೊಂಡು ಮಾಡು ಬಿಚ್ಚಿದೆವು. ಅಪ್ಪನನ್ನು ಏಣಿಯ ಹತ್ತಿರ ಬಿಡಲಿಲ್ಲ. ಅವರು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತು, ಇಳಿಸಿದ ಒಂದೊಂದು ಹಂಚನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ಕಣ್ ಎಂದು ಸದ್ದು ಬಂದದ್ದನ್ನು ಬಲಕ್ಕೆ, ಬೊದ್ದು ಸದ್ದಿನದನ್ನು ಎಡಕ್ಕೆ ಇಡಿಸಿದರು. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಕೇಳುತ್ತಿತ್ತು. ಕಲೆಯಿದ್ದ ಗೋಡೆಗಿಂತ ಆರು ಅಡಿ ಮೇಲಕ್ಕೆ, ಮಾಡಿನ ನೆತ್ತಿಯ ಹತ್ತಿರ, ಎರಡು ಹಂಚುಗಳು ಸೀಳಿದ್ದವು. ಮೂರು ಪಕ್ಕಾಸುಗಳು ಕುಂಬಾಗಿದ್ದವು. ನಾನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುತ್ತಾ ಹೋದೆ. ಕೆಲಸದವರಲ್ಲೊಬ್ಬರು "ಇಷ್ಟು ಸಾಕಲ್ಲವಾ ಅಣ್ಣ?" ಎಂದರು. ನಾನು ಉತ್ತರಿಸದೆ ಇನ್ನೊಂದು ಅಂಗುಲ ಮುಂದಕ್ಕೆ ಚುಚ್ಚಿದೆ.

ಹೊರಡುವ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿದು ಅಮ್ಮನ ಫೋಟೊವನ್ನು ಅದರ ಜಾಗಕ್ಕೆ ತೂಗುಹಾಕಿದೆವು. ಜೂನ್ ಮೊದಲ ವಾರ ಅಪ್ಪನೇ ಫೋನ್ ಮಾಡಿದರು. ಹಿನ್ನೆಲೆಯಲ್ಲಿ ಮಳೆ ಭೋರ್ಗರೆಯುತ್ತಿತ್ತು. ಕೇಳುವ ಮೊದಲೇ ಫೋನನ್ನು ಗೋಡೆಯ ಕಡೆಗೆ ಹಿಡಿದು, ಬಳಿಕ ಒಂದೊಂದು ಕೋಣೆಗೂ ನಡೆದು ತೋರಿಸಿದರು. ಅಡುಗೆಮನೆಯ ಒಂದು ಮೂಲೆಯಲ್ಲಿ ಇನ್ನೂ ಸ್ವಲ್ಪ ಒಸರುತ್ತಿದೆ. ಅದನ್ನೂ ತೋರಿಸಿದರು. ಮುಂದಿನ ಬೇಸಿಗೆಯ ಕೆಲಸ ಅದು.

ಕ್ಯಾರವಾನ್ ಇಟ್ಟುಕೊಂಡಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮೊದಲೊಮ್ಮೆ ಮತ್ತು ಆದ ಮೇಲೊಮ್ಮೆ, ಏಣಿ ಹತ್ತಿ ಎಸಿ ಮತ್ತು ಕಿಂಡಿಗಳ ಸುತ್ತ ಅಂಗೈಯಿಂದ ಒತ್ತಿ ನೋಡಿ. ಪರೀಕ್ಷಿಸದೆ ಮಾಡಿನ ಮೇಲೆ ಭಾರ ಹಾಕಬೇಡಿ. ಎಸಿಯ ತಟ್ಟೆಯ ರಂಧ್ರಗಳನ್ನು ಚೊಕ್ಕಟ ಮಾಡಿ. ಸಿಲಿಕೋನನ್ನು ಮುಟ್ಟಬೇಡಿ. ಎಲ್ಲಿಯಾದರೂ ಮೆತ್ತಗೆನಿಸಿದರೆ ಬಳಿಯುವ ಮೊದಲು ಬಿಡಿಸಿ ನೋಡಿ. ಏಣಿ ಹಿಡಿಯಲು ಜನ ಬೇಕಾದರೆ ನಮ್ಮ ನಾಲ್ಕು ಮನೆಗಳಲ್ಲಿ ಯಾರಿಗಾದರೂ ಹೇಳಿ, ಬರುತ್ತೇವೆ.

ಊರಿನ ಮನೆಯಲ್ಲಿ ಹಿರಿಯರನ್ನು ಬಿಟ್ಟು ಬಂದಿರುವ ಬಂಧುಗಳಿಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. "ಎಲ್ಲ ಸರಿ ಉಂಟು" ಎಂಬ ಮಾತು ಕೇಳಿದಾಗ ಇನ್ನೊಂದು ಪ್ರಶ್ನೆ ಕೇಳಿ, ಅಷ್ಟೆ.

ನಮ್ಮ ಗಾಡಿ ಈ ಚಳಿಗಾಲದಲ್ಲಿ ಮತ್ತೆ ಹೊರಡುತ್ತದೆ. ಚಿತ್ರಾನ್ನಕ್ಕೆ ಎಲ್ಲರೂ ಬನ್ನಿ.